ಬಿಲ್ಲೆಯ ವಯಸ್ಸು ಹೇಳುವ ಹುಲುಗಮ್ಮ

ಬೆಳಗಿನ ಅದಿರು ಗಾಡಿ ಹೊಸಪೇಟೆ ನಿಲ್ದಾಣ ದಾಟುವ ಹೊತ್ತಿಗೆ ಹಿಂಬದಿಯ ಓಣಿಯಲ್ಲಿ ಒಂದು ಸದ್ದು ಶುರುವಾಗಿರುತ್ತದೆ. ಟಣ್. ಸ್ವಲ್ಪ ಬಿಡುವು. ಟಪ್. ಮತ್ತೆ ಟಣ್. ಮುರುಗೇಶ್ ಎಂಬುವರ ಗುಜರಿ ಅಂಗಡಿಯ ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ಹುಲುಗಮ್ಮ ಚೀಲ ಬಿಚ್ಚಿಕೊಂಡು ಕೂತಿದ್ದಾರೆ. ಎದುರಿಗೊಂದು ಕರಿಕಲ್ಲು. ಚೀಲಕ್ಕೆ ಕೈ ಹಾಕಿ ಸಿಕ್ಕ ಚೂರನ್ನು ಗೇಣು ಮೇಲಿನಿಂದ ಕಲ್ಲಿನ ಮೇಲೆ ಬಿಡುತ್ತಾರೆ. ಬಿದ್ದ ಸದ್ದು ಕೇಳಿ ಹಿತ್ತಾಳೆಯನ್ನು ಎಡಕ್ಕೆ, ಕಂಚನ್ನು ಬಲಕ್ಕೆ, ಹಿತ್ತಾಳೆಯ ಬಣ್ಣ ಬಳಿದುಕೊಂಡು ಬಂದ ಸತುವನ್ನು ಬೆನ್ನ ಹಿಂದಕ್ಕೆ ಎಸೆಯುತ್ತಾರೆ. ಅವರು ಕಲ್ಲನ್ನು ನೋಡುವುದೇ ಇಲ್ಲ, ಬೀದಿ ನೋಡುತ್ತಿರುತ್ತಾರೆ.

ತೋರಣಗಲ್ಲಿನ ಕಾರ್ಮಿಕರ ಶೆಡ್ಡುಗಳಿಂದ ಬಂದ ನಲ್ಲಿಗಳು, ಸಂಡೂರಿನ ಲಾರಿಗಳ ಬುಷ್ಷುಗಳು, ಕಂಪ್ಲಿ ಕಡೆಯ ಮನೆಗಳ ತೂತು ಬಿದ್ದ ಕೊಡಗಳು, ಹಂಪಿಯ ಹತ್ತಿರದ ಹೋಟೆಲುಗಳ ಬಾಗಿಲ ಹಿಡಿಕೆಗಳು ಎಲ್ಲವೂ ಈ ಚೀಲಗಳಲ್ಲಿ ಬೆರೆತಿರುತ್ತವೆ. ದಿನಕ್ಕೆ ಮೂರೋ ನಾಲ್ಕೋ ಚೀಲ. ವಾರದ ಕೊನೆಗೆ ಲಾರಿ ಬಂದು ಗುಡ್ಡೆಗಳನ್ನು ಎತ್ತಿಕೊಂಡು ಹೋಗುತ್ತದೆ. ಅಲ್ಲಿಂದ ಮುಂದಿನದು ಭಟ್ಟಿ.

ನಾನು ಹೋದ ದಿನ ನಡುವೆ ಒಮ್ಮೆ ಸದ್ದು ನಿಂತಿತು. ದುಂಡಗಿನ ಒಂದು ಚೂರನ್ನು ಹುಲುಗಮ್ಮ ಸೆರಗಿನ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ ನೋಡಿದರು. ಆಮೇಲೆ ಎಡಗಡೆಯ ಗುಡ್ಡೆಗೆ ಎಸೆದರು.

"ಬಸ್ ಕಂಡಕ್ಟರಂದ್ರಿ. ಮಿಲ್ಟ್ರಿದಲ್ಲ."

ಮಿಲಿಟರಿಯದಾಗಿದ್ದರೆ ಅದು ಮಡಿಲಿಗೆ ಹೋಗುತ್ತಿತ್ತು. ಅರವತ್ತರ ಆಸುಪಾಸಿನಲ್ಲಿರುವ ಈ ಹೆಂಗಸು ಹತ್ತಿರಹತ್ತಿರ ಇಪ್ಪತ್ತು ವರ್ಷಗಳಿಂದ ಹಳೆಯ ಸೈನಿಕರ ಪದಕ, ಟೋಪಿಗೆ ಸಿಕ್ಕಿಸುವ ಬಿಲ್ಲೆ, ಭುಜದ ಮೇಲಿನ ಹಿತ್ತಾಳೆ ಅಕ್ಷರ, ಕೋಟಿನ ಗುಂಡಿಗಳನ್ನು ಭಟ್ಟಿಗೆ ಹೋಗದಂತೆ ತಡೆದು, ಅವು ಯಾವ ಕಾಲದವು, ಯಾವ ಪಲ್ಟನ್ನಿನವು ಎಂದು ಗುರುತು ಹಿಡಿದು, ಸಾಧ್ಯವಾದರೆ ಆ ಮನೆಯವರಿಗೆ ಹಿಂತಿರುಗಿಸುತ್ತಿದ್ದಾರೆ. ಅಂಗಡಿಯಲ್ಲಿ ಇದು ಎಲ್ಲರಿಗೂ ಗೊತ್ತು, ಹೊರಗೆ ಹೆಚ್ಚಿನವರಿಗೆ ಗೊತ್ತಿಲ್ಲ.

ಹುಲುಗಮ್ಮ ಮಲಪನಗುಡಿಯವರು. ಗಂಡ ಹೊನ್ನೂರುಸ್ವಾಮಿ ಸಂಡೂರಿನ ಗಣಿಗಳಿಂದ ಅದಿರು ಸಾಗಿಸುವ ಲಾರಿ ಓಡಿಸುತ್ತಿದ್ದರು. ಗಣಿ ಭರಾಟೆಯ ಆ ವರ್ಷಗಳಲ್ಲಿ ಮನೆಗೆ ಬರುತ್ತಿದ್ದುದು ಅಪರೂಪ, ಬಂದಾಗಲೂ ಮೈಯೆಲ್ಲ ಕೆಂಪು ಧೂಳು. ಒಂದು ಮಳೆಗಾಲದಲ್ಲಿ ಘಾಟಿಯ ತಿರುವಿನಲ್ಲಿ ಲಾರಿ ಉರುಳಿತು. ಮಕ್ಕಳಿರಲಿಲ್ಲ. ಹುಲುಗಮ್ಮ ಊರು ಬಿಟ್ಟು ಹೊಸಪೇಟೆಗೆ ಬಂದು ಚಿತ್ತವಾಡ್ಗಿಯಲ್ಲಿ ಒಂದು ಕೋಣೆ ಹಿಡಿದು ಗುಜರಿ ಆರಿಸುವ ಕೆಲಸಕ್ಕೆ ಸೇರಿದರು. ಈ ಭಾಗವನ್ನು ಅವರು ಎರಡೇ ಮಾತಿನಲ್ಲಿ ಮುಗಿಸಿ, ಚಹಾ ತರಿಸಲೇ ಎಂದು ಕೇಳಿದರು.

ಬಿಲ್ಲೆಗಳ ವಿದ್ಯೆ ಕಲಿಸಿದವರು ಹಾಲಸ್ವಾಮಿ ಎಂಬ ನಿವೃತ್ತ ಹವಾಲ್ದಾರರು. ಪಿಂಚಣಿ ತೆಗೆದುಕೊಳ್ಳಲು ಪೇಟೆಗೆ ಬಂದಾಗಲೆಲ್ಲ ಅವರು ಗುಜರಿ ಅಂಗಡಿಗಳನ್ನು ಸುತ್ತಿ, ಪದಕ ಬಂದಿದೆಯೇ ಎಂದು ವಿಚಾರಿಸುತ್ತಿದ್ದರು. ಯಾರದೋ ಎದೆಯ ಮೇಲಿದ್ದದ್ದು ನಲ್ಲಿಯ ಜೊತೆ ಕರಗುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲವಂತೆ. ಹುಲುಗಮ್ಮನಿಗೆ ಆಗ ಅಕ್ಷರ ಬರುತ್ತಿರಲಿಲ್ಲ. ಪದಕದ ಅಂಚಿನ ಮೇಲೆ ಹೆಸರು ಕೊರೆದಿರುತ್ತದೆ, ಅದನ್ನು ಓದಲು ಕಲಿ ಎಂದು ಹವಾಲ್ದಾರರು ಇದ್ದಿಲಿನಿಂದ ಈ ಕರಿಕಲ್ಲಿನ ಪಕ್ಕದ ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರ ಬರೆದು ತೋರಿಸಿದರು. ಅಂಚಿನ ಮೇಲಿರುವುದೆಲ್ಲ ದೊಡ್ಡಕ್ಷರವೇ ಆದ್ದರಿಂದ ಅಷ್ಟನ್ನೇ ಕಲಿಸಿದರು.

"ಸಣ್ಣಕ್ಷರ ನಂಗ ಇವತ್ತಿಗೂ ಬರಂಗಿಲ್ರಿ. ಬಸ್ಸಿನ ಬೋರ್ಡು ದೊಡ್ಡಕ್ಷರದಾಗ ಇದ್ರ ಓದ್ತೀನಿ. ಇಲ್ಲಾಂದ್ರ ಯಾರನ್ನರ ಕೇಳಬೇಕು" ಎಂದು ನಗುತ್ತಾರೆ.

ಹವಾಲ್ದಾರರು ತೀರಿಕೊಂಡ ಮೇಲೆ ಅವರ ಭೂತಗನ್ನಡಿ ಮಾತ್ರ ಹುಲುಗಮ್ಮನ ಬಳಿ ಉಳಿಯಿತು. ಮಾಲೀಕ ಮುರುಗೇಶ್ ಒಂದು ಷರತ್ತಿನ ಮೇಲೆ ಕೆಲಸ ಮುಂದುವರಿಸಲು ಬಿಟ್ಟರು: ಎಷ್ಟು ತೂಕದ ಪದಕ ತೆಗೆದುಕೊಂಡರೆ ಅಷ್ಟೇ ತೂಕದ ಹಿತ್ತಾಳೆಯನ್ನು ಗುಡ್ಡೆಗೆ ತಂದು ಹಾಕಬೇಕು. ಹಾಗೆ ಮೊದಲು ಹೋದದ್ದು ದೀಪದ ಕಂಬ. ಆಮೇಲೆ ತವರಿನ ತಂಬಿಗೆ, ಗಂಗಾಳ, ಸೌಟು. ಈಗ ಅವರ ಕೋಣೆಯಲ್ಲಿ ಎಲ್ಲವೂ ಸ್ಟೀಲು, ಪ್ಲಾಸ್ಟಿಕ್ಕು. ಮುರುಗೇಶ್ ಅವರೇ ಈಗ ಷರತ್ತನ್ನು ಮರೆತಂತೆ ನಟಿಸುತ್ತಾರೆ. ಆದರೂ ಹುಲುಗಮ್ಮ ಹಳೆಯ ಬೀಗಗಳನ್ನು ಎಲ್ಲಿಂದಲೋ ಹುಡುಕಿ ತಂದು ತಕ್ಕಡಿಗೆ ಹಾಕಿಯೇ ತೀರುತ್ತಾರೆ. "ನಿನ್ನ ಮನೀ ಬಾಗ್ಲದ್ದು ಒಂದು ಬಿಡಬೇ ಯಕ್ಕಾ, ಕಳ್ಳರು ಬಂದಾರು" ಎಂದು ಮಾಲೀಕರು ರೇಗಿಸಿದರೆ, ಕಳ್ಳರು ಬಂದರೆ ನಿನ್ನ ಅಂಗಡಿಗೇ ತಂದು ಹಾಕುತ್ತಾರೆ, ನನಗೇ ತೂಕಕ್ಕೆ ಸಿಗುತ್ತದೆ ಎಂದು ಇವರ ಉತ್ತರ.

ಗುರುತು ಹಿಡಿಯುವ ಬಗೆಯನ್ನು ಅವರು ನನಗೆ ತೋರಿಸಿದ್ದು ಕೆಲಸ ನಿಲ್ಲಿಸದೆಯೇ. ಪದಕದ ಮೇಲೆ ಕುದುರೆ ಸವಾರನಿದ್ದರೆ ಮೊದಲ ಮಹಾಯುದ್ಧದ್ದು. ಒಂದೇ ಸಿಂಹ ಎರಡು ತಲೆಯ ಮೃಗವನ್ನು ತುಳಿದು ನಿಂತಿದ್ದರೆ ಎರಡನೆಯ ಮಹಾಯುದ್ಧದ್ದು. ಅವುಗಳ ಮೇಲೆ ಇಸವಿಯೂ ಇರುತ್ತದೆ, ಆದರೆ ನಮ್ಮ ಕಡೆಯ ಮನೆಗಳಲ್ಲಿ ಹಬ್ಬಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದರಿಂದ ಇಸವಿ ಅಳಿಸಿಹೋಗಿ ಕುದುರೆ, ಸಿಂಹಗಳ ಹೊಟ್ಟೆ ಮಾತ್ರ ಉಳಿದಿರುತ್ತದೆ. ಅಂಚಿನ ಹೆಸರೂ ಹೀಗೆಯೇ ಹೋಗುತ್ತದೆ. ಮೊದಲ ಯುದ್ಧದ ಬೆಳ್ಳಿಯ ಪದಕಗಳಂತೂ ಬರುವುದೇ ಇಲ್ಲ, ಅವೆಲ್ಲ ಎಂದೋ ಕಾಲುಂಗುರಗಳಾಗಿವೆ. ಇನ್ನು ಟೋಪಿಯ ಬಿಲ್ಲೆಗಳ ವಯಸ್ಸು ಗೊತ್ತಾಗುವುದು ತುದಿಯಲ್ಲಿ. ತುದಿಯಲ್ಲಿ ರಾಜನ ಕಿರೀಟವಿದ್ದರೆ ಬ್ರಿಟಿಷರ ಕಾಲದ್ದು. ನಮ್ಮ ದೇಶ ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಆ ಜಾಗಕ್ಕೆ ನಮ್ಮ ನಾಣ್ಯಗಳ ಮೇಲಿರುವ ಮೂರು ಸಿಂಹಗಳು ಬಂದವು. ಗುಂಡಿಗೂ ಅಷ್ಟೇ, ಭುಜದ ಬಿಲ್ಲೆಗೂ ಅಷ್ಟೇ.

ನಕಲಿಗಳ ಕಾಟ ಬೇರೆ. ಹಂಪಿಯಲ್ಲಿ ಪ್ರವಾಸಿಗರಿಗೆ ಸರ, ಕಲ್ಲು, ಹಳೆಯ ನಾಣ್ಯ ಮಾರುವ ಯಲ್ಲೇಶ್ ಎಂಬುವರು ಆಗಾಗ ಬಂದು, ಹೊಸದಾಗಿ ಎರಕ ಹೊಯ್ದ ಪದಕಗಳನ್ನು ತೋರಿಸಿ, ಇದು ಹಳೆಯದು ಅಂತ ಒಂದು ಮಾತು ಹೇಳು ಎಂದು ದುಂಬಾಲು ಬೀಳುತ್ತಾರೆ. ನಿಜವಾಗಿ ಹಳೆಯದಾಗಿದ್ದರೆ ಉಬ್ಬಿದ ಜಾಗಗಳು ಮಾತ್ರ ಸವೆದಿರುತ್ತವೆ, ತಗ್ಗುಗಳು ಹರಿತವಾಗಿಯೇ ಇರುತ್ತವೆ. ನಕಲಿ ಎಲ್ಲ ಕಡೆಯೂ ಒಂದೇ ಸಮ ಮಬ್ಬು.

"ಹುಲುಗಮ್ಮಕ್ಕ, ನೀ ಹೂಂ ಅನ್ನೂದು ಬ್ಯಾಡ. ಸುಮ್ನ ನಿಂತು ತಲಿ ಅಲ್ಲಾಡ್ಸು, ಸಾಕು" ಎಂದು ಯಲ್ಲೇಶ್ ನನ್ನೆದುರಿಗೇ ಕೇಳಿದರು.

"ನೊಣ ಕುಂತ್ರ ಅಲ್ಲಾಡಸ್ತೀನಿ. ನೊಣ ಹಿಡಕೊಂಡು ಬಾ ಹೋಗು."

ಇಷ್ಟೆಲ್ಲ ತಿಳಿದ ಮೇಲೆ ನಾನು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದೆ. ಪದಕ ಹಿಂತಿರುಗಿ ಬಂದಾಗ ಮನೆಯವರಿಗೆ ಎಷ್ಟು ಸಂತೋಷವಾಗುತ್ತದೆ? ಹುಲುಗಮ್ಮ ಚೀಲದಿಂದ ಇನ್ನೊಂದು ಚೂರು ತೆಗೆದರು.

"ಅದನ್ನ ಗುಜರಿಗೆ ಹಾಕ್ದೋರು ಅವರೇ ಅಲ್ಲೇನ್ರಿ" ಎಂದರು. "ಮಾರಿದ್ದನ್ನ ಬಾಗ್ಲಿಗೆ ಒಯ್ದು, ಇದು ನಿಮ್ಮ ತಾತಂದು ಅಂತ ನಿಂತ್ರ ಯಾರಿಗೆ ಸೇರತೈತಿ? ಓಣಿ ಮಂದಿ ನೋಡ್ತಿರ್ತಾರ. ನಾಚಿಕಿ ಆಗತೈತಿ ಅವರಿಗೆ."

ವಾರದ ರಜೆಯ ದಿನ ಅವರು ಬಸ್ಸು ಹತ್ತುತ್ತಾರೆ. ಅಂಚಿನ ಮೇಲಿನ ಹೆಸರು ಹಿಡಿದು ಊರು ಕೇಳಿ, ಓಣಿ ಕೇಳಿ ಮನೆ ಮುಟ್ಟುವುದಕ್ಕೆ ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಸಂಡೂರಿನಲ್ಲಿ ಒಬ್ಬರು ಪದಕ ತೆಗೆದುಕೊಂಡು ಬಾಗಿಲು ಹಾಕಿಕೊಂಡರು, ಎರಡು ತಿಂಗಳಲ್ಲಿ ಅದೇ ಪದಕ ಮತ್ತೆ ಚೀಲದಲ್ಲಿ ಬಂತು. ಕಂಪ್ಲಿಯಲ್ಲಿ ಒಬ್ಬರು, ಇದು ನಮ್ಮ ದೊಡ್ಡಪ್ಪನದು, ಅವರ ಹೆಸರು ಈ ಮನೆಯಲ್ಲಿ ಎತ್ತಬೇಡಿ ಎಂದರು. ಅಜ್ಜ ಯುದ್ಧದಲ್ಲಿ ಗೆದ್ದ ಪದಕ ಎಂದು ನಂಬಿಕೊಂಡವರಿಗೆ, ಅದು ಶಾಲೆಯ ಸ್ಕೌಟಿನ ಬಿಲ್ಲೆ ಎಂದು ಹೇಳಬೇಕಾದ ದಿನಗಳೂ ಇವೆ. ಹೇಳಿದ ಮೇಲೆ ಆ ಮನೆಯಿಂದ ಎರಡನೆಯ ಸಲ ಕರೆ ಬರುವುದಿಲ್ಲ. ಇಷ್ಟು ವರ್ಷಗಳಲ್ಲಿ ಹುಲುಗಮ್ಮ ಒಳಗೆ ಕೂತು ಊಟ ಮಾಡಿದ್ದು ಒಂದೇ ಮನೆಯಲ್ಲಿ.

ಅದು ಕಂಪ್ಲಿ ತಾಲೂಕಿನ ಎಮ್ಮಿಗನೂರಿನ ಸುವರ್ಣಮ್ಮನವರ ಮನೆ. ವರ್ಷಗಳ ಹಿಂದೆ ಅದೇ ಓಣಿಯ ಎದುರು ಮನೆಯವರು ಪದಕ ಬೇಡವೆಂದು ಕಳಿಸಿದಾಗ ಹುಲುಗಮ್ಮ ಬಿಸಿಲಲ್ಲಿ ನಿಂತಿದ್ದರು. ಸುವರ್ಣಮ್ಮ ಕರೆದು ನೀರು ಕೊಟ್ಟರು, ಆಮೇಲೆ ರೊಟ್ಟಿ ಕೊಟ್ಟರು. ಗದ್ದೆ, ಕಬ್ಬು ಇರುವ ತುಂಬಿದ ಮನೆ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಈಗ ಎಂಬತ್ತು ದಾಟಿರುವ ಯಜಮಾನಿಗೆ ಆಗಲೂ ಮಾತಿಗೊಬ್ಬರು ಬೇಕಿತ್ತು. ಅಲ್ಲಿಂದ ಮುಂದೆ, ಕೊಡುವುದಕ್ಕೆ ಪದಕ ಯಾವುದೂ ಇಲ್ಲದ ರಜೆಯ ದಿನಗಳಲ್ಲಿ ಹುಲುಗಮ್ಮ ಎಮ್ಮಿಗನೂರಿನ ಬಸ್ಸು ಹತ್ತುವುದು ರೂಢಿಯಾಯಿತು. ನಡುವಿನ ದಿನಗಳಲ್ಲಿ ಸುವರ್ಣಮ್ಮನ ಫೋನು ಬರುತ್ತದೆ, ಉಂಡಿಯೇನು ಎಂದು ಕೇಳುವುದಕ್ಕೆ.

ಈ ಮನೆಯಲ್ಲೂ ಒಂದು ಬಿಲ್ಲೆ ಇದೆ. ಸುವರ್ಣಮ್ಮ ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ಜಡೆಪ್ಪ ಎರಡನೆಯ ಮಹಾಯುದ್ಧಕ್ಕೆ ಸೇರಿ ಹೋದರು. ತಿರುಗಿ ಬರಲಿಲ್ಲ. ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ, ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ತಂದೆಯ ಜೊತೆಗಾರನೆಂದು ಹೇಳಿಕೊಂಡ ಒಬ್ಬ ಸೈನಿಕ ಊರಿಗೆ ಬಂದು ಟೋಪಿಯ ಬಿಲ್ಲೆಯನ್ನು ತಾಯಿಯ ಕೈಗೆ ಕೊಟ್ಟು ಹೋದ. ಜಡೆಪ್ಪ ಬರ್ಮಾ ಗಡಿಯಲ್ಲಿ ಸತ್ತರು ಎಂದು ಊರು ತಿಳಿದುಕೊಂಡಿತು. ಬಿಲ್ಲೆ ದೇವರ ಜಗಲಿ ಸೇರಿತು. ಮಾನಾಮಿ ಹಬ್ಬದ ಆಯುಧ ಪೂಜೆಗೆ ಕುಡುಗೋಲು, ಕುಂಟೆಗಳ ಜೊತೆ ಅದಕ್ಕೂ ಎಣ್ಣೆ ಸವರಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಬೇರೆ ಮನೆಗಳಲ್ಲಿ ತಿಕ್ಕಿ ಸವೆಸಿದರೆ ಈ ಮನೆಯ ಪದ್ಧತಿ ಅದಕ್ಕೆ ವಿರುದ್ಧ. ಪೂಜೆಗಿಟ್ಟದ್ದನ್ನು ತೊಳೆಯಬಾರದು. ಎಪ್ಪತ್ತು ಚಿಲ್ಲರೆ ವರ್ಷದ ಎಣ್ಣೆ, ಕುಂಕುಮ ಪದರ ಪದರವಾಗಿ ಕೂತು ಬಿಲ್ಲೆ ಒಂದು ಕೆಂಪು ಉಂಡೆಯಾಗಿದೆ. ಹುಲುಗಮ್ಮ ಎಷ್ಟೋ ಸಲ ಅದಕ್ಕೆ ಕೈ ಮುಗಿದಿದ್ದಾರೆ, ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

ಈ ವರ್ಷ ಊರಿನ ಶಾಲೆಯ ಅಂಗಳದಲ್ಲಿ, ಯುದ್ಧಗಳಲ್ಲಿ ಮಡಿದ ಊರಿನವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದೆಂದು ನಿಶ್ಚಯವಾಯಿತು. ಆಗಸ್ಟ್ ಹದಿನೈದಕ್ಕೆ ಉದ್ಘಾಟನೆ. ಸುವರ್ಣಮ್ಮನ ಮೊಮ್ಮಗ ಮಲ್ಲಿಕಾರ್ಜುನ್ ಅದಕ್ಕಾಗಿ ಓಡಾಡಿದವರು. ಮೊದಲ ಹೆಸರು ಜಡೆಪ್ಪನದು, ಅದರ ಕೆಳಗೆ ಪಲ್ಟನ್ನಿನ ಹೆಸರು. ಪಲ್ಟನ್ ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಿಲ್ಲೆಯ ಕೆಳಪಟ್ಟಿಯಲ್ಲಿ ಬರೆದಿರುತ್ತದೆ, ಹುಲುಗಮ್ಮ ಓದುತ್ತಾಳೆ ಎಂದು ಸುವರ್ಣಮ್ಮನೇ ದೇವರಿಗೆ ತಪ್ಪುಗಾಣಿಕೆ ಇಟ್ಟು ಜಗಲಿಯಿಂದ ಅದನ್ನು ತೆಗೆದು ಕೊಟ್ಟರು.

ಹುಲುಗಮ್ಮ ಅದನ್ನು ಹೊಸಪೇಟೆಗೆ ತಂದು ಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ನೆನೆಸಿಟ್ಟರು. ಪದರಗಳು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಒಂದೊಂದಾಗಿ ಬಿಡಿಸಿದರು. ಕೆಳಪಟ್ಟಿ ಮೊದಲು ಕಂಡಿತು. ದೊಡ್ಡಕ್ಷರ, ಓದಿದರು. ಮೇಲಿನ ತುದಿ ಕೊನೆಗೆ ಕಂಡಿತು. ಕಿರೀಟವಿರಬೇಕಾದ ಜಾಗದಲ್ಲಿ ಮೂರು ಸಿಂಹಗಳಿದ್ದವು.

ಯುದ್ಧ ಮುಗಿದು ನಾಲ್ಕೈದು ವರ್ಷಗಳಾದ ಮೇಲೆ ಹುಟ್ಟಿದ ಬಿಲ್ಲೆ. ಯುದ್ಧದಲ್ಲಿ ಸತ್ತವರ ಟೋಪಿಯ ಮೇಲೆ ಅದು ಇರಲು ಸಾಧ್ಯವಿಲ್ಲ.

ನಾನು ಅವರ ಕೋಣೆಗೆ ಹೋದಾಗ ಬಿಲ್ಲೆ ಒಂದು ಸ್ಟೀಲಿನ ವಾಟಿಯಲ್ಲಿ, ಅಕ್ಕಿಯ ಮೇಲೆ ಇತ್ತು. ಅದನ್ನು ನೋಡಿದಂದಿನಿಂದ ಹುಲುಗಮ್ಮ ಎಮ್ಮಿಗನೂರಿಗೆ ಹೋಗಿರಲಿಲ್ಲ. ಮಲ್ಲಿಕಾರ್ಜುನ್ ದಿನಾ ಫೋನು ಮಾಡುತ್ತಿದ್ದರು. ಕಲ್ಲು ಕೆತ್ತುವವರು ಕಾಯುತ್ತಿದ್ದಾರೆ, ಪಲ್ಟನ್ ಹೆಸರೊಂದು ಹೇಳಿಬಿಡು ಎಂದು. ಹೇಳಿಬಿಡಬಹುದಿತ್ತು. ಕೆಳಪಟ್ಟಿಯಲ್ಲಿ ಹೆಸರಿದೆ, ಮೇಲಿನ ತುದಿಗೆ ಮತ್ತೆ ಕುಂಕುಮ ಮೆತ್ತಿದರೆ ಯಾರೂ ಬಿಡಿಸಿ ನೋಡುವುದಿಲ್ಲ. ಕಲ್ಲು ನಿಲ್ಲುತ್ತದೆ, ರಜೆಯ ದಿನದ ಬಸ್ಸೂ ನಿಲ್ಲುವುದಿಲ್ಲ. ಈ ಮಾತನ್ನು ಅವರೇ ಬಾಯಿ ಬಿಟ್ಟು ಹೇಳಿದರು.

"ಬ್ಯಾರೆ ಮನಿ ಆಗಿದ್ರ ಅವತ್ತ ಹೋಗಿ ಹೇಳತಿದ್ದೆನ್ರಿ. ನಂಗಿರೋದು ಇದೊಂದ ಮನಿ."

ಬರುವ ರಜೆಯ ದಿನ ಹೋಗುತ್ತೇನೆ, ಬರುತ್ತೀರಾ ಎಂದು ನನ್ನನ್ನು ಕೇಳಿದರು. ಜೊತೆಗೊಬ್ಬರಿದ್ದರೆ ನಡುದಾರಿಯ ಕಂಪ್ಲಿಯಲ್ಲೇ ಬಸ್ಸಿಳಿದು ವಾಪಸಾಗುವುದು ತಪ್ಪುತ್ತದೆ ಎಂದು ಅವರಿಗೆ ಅನಿಸಿರಬೇಕು. ಹಿಂದಿನ ವಾರ ಹಾಗೆ ವಾಪಸಾಗಿದ್ದರು.

ಕಾಲುವೆಗೆ ನೀರು ಬಿಟ್ಟು ನಾಟಿ ನಡೆದಿದ್ದ ದಿನಗಳು. ಎಮ್ಮಿಗನೂರಿನ ಮನೆಯ ಪಡಸಾಲೆಯಲ್ಲಿ ಸುವರ್ಣಮ್ಮ ಗೋಡೆಗೊರಗಿ ಕೂತಿದ್ದಾರೆ. ದಪ್ಪ ಕನ್ನಡಕ, ಹಣೆಯ ತುಂಬ ವಿಭೂತಿ, ತುಂಟ ನಗೆ.

"ಏನಬೇ ಹುಲುಗಿ, ಪ್ಯಾಪರ್ನೋರನ್ನ ಕರಕೊಂಡ ಬಂದಿ. ನಮ್ಮನ್ಯಾಗ ಎಷ್ಟು ರೊಟ್ಟಿ ತಿಂದೀ ಅಂತ ಬರಸಾಕೇನು?"

ಹುಲುಗಮ್ಮ ನಗಲಿಲ್ಲ. ಮಲ್ಲಿಕಾರ್ಜುನ್ ಕುರ್ಚಿ ಎಳೆದು ಕೊಟ್ಟು, ಫೋನಿನಲ್ಲಿ ಕಲ್ಲಿನ ಚಿತ್ರ ತೋರಿಸಿದರು. ಮೇಲೆ ಜಡೆಪ್ಪನ ಹೆಸರಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಯಾಗಿದೆ. ಹುಲುಗಮ್ಮ ನೆಲದ ಮೇಲೆ, ಸುವರ್ಣಮ್ಮನ ಕಾಲ ಬಳಿ ಕೂತು ಬಟ್ಟೆಯ ಗಂಟು ಬಿಚ್ಚಿ ಬಿಲ್ಲೆಯನ್ನು ಅವರ ಅಂಗೈಯಲ್ಲಿಟ್ಟರು. ಇಷ್ಟು ವರ್ಷ ಕೆಂಪು ಉಂಡೆಯನ್ನಷ್ಟೇ ನೋಡುತ್ತ ಬಂದಿದ್ದ ಸುವರ್ಣಮ್ಮ ಹೊಳೆಯುವ ಹಿತ್ತಾಳೆಯನ್ನು ಕಣ್ಣ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದರು.

"ಅವ್ವಾರ, ಅದರ ತುದೀ ಮ್ಯಾಲ ಸಿಂಹ ಅದಾವ" ಎಂದರು ಹುಲುಗಮ್ಮ.

"ಇರ್ಲಿ ಬಿಡು. ಮಿಲ್ಟ್ರಿಯವರ ಟೊಪಗಿ ಮ್ಯಾಲ ಸಿಂಹ ಇರದ ಇಲಿ ಇರ್ತಾವೇನು?"

"ರಾಜನ ಕಾಲದಾಗ ಅಲ್ಲಿ ಕಿರೀಟ ಇರತಿತ್ತ್ರಿ. ಸಿಂಹ ಬಂದಿದ್ದು ರಾಜ ಹೋಗಿ ನಮ್ಮ ಸರ್ಕಾರ ಬಂದಮ್ಯಾಲೆ. ನಿಮ್ಮಪ್ಪಾರು ಹೋಗಿದ್ದು ರಾಜನ ಲಡಾಯಿಗೆ."

ಮಲ್ಲಿಕಾರ್ಜುನ್ ಅವರಿಗೆ ಮೊದಲು ಅರ್ಥವಾಯಿತು. ಹಾಗಾದರೆ ಇದು ಮುತ್ತಾತನದ್ದೇ ಅಲ್ಲ, ಬಂದಿದ್ದ ಸೈನಿಕ ಸಮಾಧಾನಕ್ಕೆ ತನ್ನದೇ ಬಿಲ್ಲೆ ಕೊಟ್ಟು ಹೋಗಿರಬೇಕು ಎಂದರು. ಅದೂ ಇರಬಹುದು ಎಂದು ಹುಲುಗಮ್ಮ ಒಪ್ಪಿಕೊಂಡರು. ಬಿಲ್ಲೆ ಯಾರ ಟೋಪಿಯ ಮೇಲಿತ್ತು ಎಂದು ಬಿಲ್ಲೆ ಹೇಳುವುದಿಲ್ಲ. ಯುದ್ಧ ಮುಗಿದ ಮೇಲೆ ಒಬ್ಬರು ಇದನ್ನು ಹಾಕಿಕೊಂಡಿದ್ದರು ಎಂಬುದಷ್ಟೇ ಖಾತ್ರಿ. ಅದು ಜಡೆಪ್ಪನವರೇ ಆಗಿದ್ದರೆ ಅವರು ಯುದ್ಧದಲ್ಲಿ ಸತ್ತಿಲ್ಲ. ಅಲ್ಲವಾದರೆ ಏನಾಯಿತೋ ತನಗೆ ಗೊತ್ತಿಲ್ಲ. ಇಷ್ಟನ್ನು ತಲೆ ತಗ್ಗಿಸಿಕೊಂಡು, ಒಂದೊಂದೇ ಮಾತಾಗಿ ಹೇಳಿದರು. ಪಲ್ಟನ್ನಿನ ಹೆಸರನ್ನೂ ಹೇಳಿದರು.

ಸೈನಿಕ ಸುಳ್ಳು ಹೇಳಿದ್ದಾನೆ, ಹೆಸರು ಕೆತ್ತಿಸಲು ಅಡ್ಡಿಯಿಲ್ಲ ಎಂದು ಮಲ್ಲಿಕಾರ್ಜುನ್ ಏನೋ ಹೇಳುತ್ತಿದ್ದರು. ಸುವರ್ಣಮ್ಮ ಕೈಯೆತ್ತಿ ಅವರನ್ನು ಸುಮ್ಮನಿರಿಸಿದರು. ಮುಷ್ಟಿ ಬಿಲ್ಲೆಯನ್ನು ಬಿಗಿಯಾಗಿ ಹಿಡಿದಿತ್ತು.

"ನಮ್ಮವ್ವ ಸಾಯೋತನಕ ಕುಂಕುಮ ಅಳಸಲಿಲ್ಲ" ಎಂದರು. "ಬಳಿ ಒಡೀಲಿಲ್ಲ. ಗಂಡ ಸತ್ತ ವರ್ತಮಾನ ಬಂದ್ರೂ ಹಿಂಗ ಅದಾಳಲ್ಲ, ಹುಚ್ಚು ಹಿಡದೈತಿ ಆಕಿಗೆ ಅಂತ ಓಣಿ ಮಂದಿ ಅಂದ್ರು. ನಾ ಬುದ್ಧಿ ಬಂದಮ್ಯಾಲ ಬೈದೀನಿ ಆಕಿಗೆ, ಅಳಸಬೇ, ಮಂದಿ ನಗ್ತಾರ ಅಂತ. ಆಕಿ ಒಂದ ಮಾತಂತಿದ್ಲು, ನಿಂಗ ತಿಳಿಯಂಗಿಲ್ಲ ಸುಮ್ನಿರು."

ಒಳಗೆ ಕುಕ್ಕರು ಕೂಗಿ ಸುಮ್ಮನಾಯಿತು.

"ಆ ಸಿಪಾಯಿ ಅವತ್ತು ಆಕಿಗೆ ಏನು ಹೇಳಿದ್ನೋ. ನಾ ಸಾಲೀಗೆ ಹೋಗಿದ್ದೆ. ಆಕಿಗೆ ಗೊತ್ತಿತ್ತು."

ಹಾಗೆಂದು ನಾನು ಹೇಳಿಲ್ಲ ಎಂದು ಹುಲುಗಮ್ಮ ಮೆಲ್ಲಗೆ ಅಂದರು. ನೀನು ಹೇಳಬೇಕಾಗಿಲ್ಲ ಎಂದು ಉತ್ತರ ಬಂತು. ಸುವರ್ಣಮ್ಮ ಮೊಮ್ಮಗನ ಕಡೆ ತಿರುಗಿ, ಕಲ್ಲಿನವನಿಗೆ ಫೋನು ಹಚ್ಚು, ನಮ್ಮ ಹೆಸರು ಬಿಟ್ಟು ಉಳಿದವರದು ಕೆತ್ತಲಿ ಎಂದು ಹೇಳಿ, ಗೋಡೆ ಹಿಡಿದು ಎದ್ದು ಒಳಗೆ ಹೋದರು.

ನಾವು ಸುಮಾರು ಹೊತ್ತು ಕೂತಿದ್ದೆವು. ಸೊಸೆಯೊಬ್ಬರು ಚಹಾ ತಂದಿಟ್ಟರು. ಊಟಕ್ಕೆ ಏಳಿ ಎಂದು ಯಾರೂ ಹೇಳಲಿಲ್ಲ, ಆ ಗೊಂದಲದಲ್ಲಿ ಯಾರಿಗೂ ಹೊಳೆಯಲಿಲ್ಲವೋ ಏನೋ. ಮಲ್ಲಿಕಾರ್ಜುನ್ ಅಂಗಳದಾಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು, ನಾವು ಹೊರಟಾಗ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಹುಲುಗಮ್ಮ ಕಿಟಕಿಯ ಪಕ್ಕ ಕೂತು ಹೊಸಪೇಟೆಯವರೆಗೂ ಹೊರಗೆ ನೋಡುತ್ತಿದ್ದರು. ಒಮ್ಮೆ ಮಾತ್ರ, ನೀವಾದರೂ ಕಂಪ್ಲಿಯಲ್ಲಿ ಏನಾದರೂ ತಿನ್ನಬೇಕಿತ್ತು ಎಂದರು.

ಕೆಲವು ದಿನ ಬಿಟ್ಟು ಈ ಲೇಖನಕ್ಕಾಗಿ ನಾನು ಸುವರ್ಣಮ್ಮನವರಿಗೆ ಫೋನು ಮಾಡಿದೆ. ಅವರ ಮನೆಯ ವಿಷಯ ಬರೆಯಬಹುದೇ ಎಂದು ಕೇಳಬೇಕಿತ್ತು. ಬರೆಯಿರಿ, ನನ್ನ ಹೆಸರು, ಅಪ್ಪನ ಹೆಸರು ಎರಡೂ ಹಾಕಿರಿ, ಮುಚ್ಚಿಡುವುದು ಈ ಮನೆಯಲ್ಲಿ ಸಾಕಾಗಿದೆ ಎಂದರು. ಒಂದನ್ನು ಮಾತ್ರ ಬೇಡವೆಂದರು.

"ಪಲ್ಟನ್ ಹೆಸರು ಹಾಕಬ್ಯಾಡ್ರಿ. ಅಲ್ಲೆಲ್ಲೋ ನನ್ನಂಥಾಕಿ ಇನ್ನೊಬ್ಬಾಕಿ ಇದ್ರೂ ಇರಬೌದು, ನಮ್ಮಪ್ಪನ್ನ ಅಪ್ಪಾ ಅಂದಾಕಿ. ಆಕಿ ಯಾಕ ಈಗ ಇದನ್ನ ಓದಬೇಕು?"

ಹುಲುಗಮ್ಮನ ಮೇಲೆ ಸಿಟ್ಟೇ ಎಂದು ಕೇಳಿದ್ದಕ್ಕೆ ಅವರು ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟರು.

ಎಮ್ಮಿಗನೂರಿನ ಶಾಲೆಯ ಅಂಗಳದಲ್ಲಿ ಈಗ ಕಲ್ಲು ನಿಂತಿದೆ. ಜಡೆಪ್ಪನ ಹೆಸರಿಗೆ ಬಿಟ್ಟಿದ್ದ ಮೇಲಿನ ಜಾಗ ಖಾಲಿ ಇದೆ. ಹುಲುಗಮ್ಮ ಅದನ್ನು ನೋಡಿಲ್ಲ. ಅವರು ರಜೆಯ ದಿನವೂ ಗುಜರಿ ಅಂಗಡಿಗೆ ಬಂದು ಕೂರುತ್ತಿದ್ದಾರೆ ಎಂದು ಮುರುಗೇಶ್ ಹೇಳಿದರು. ಬೀಗ ತೆಗೆಯುವವರಿಲ್ಲದಿದ್ದರೆ ಹೊರಗಿನ ಕಟ್ಟೆಯ ಮೇಲೆಯೇ ಇರುತ್ತಾರಂತೆ.

ಕೊನೆಯ ಸಲ ನಾನು ಹೋದದ್ದೂ ಬೆಳಗಿನ ಜಾವವೇ. ಚೀಲದ ಕೆಲಸ ನಡೆದಿತ್ತು. ಹುಲುಗಮ್ಮ ತಾವಾಗಿಯೇ ಹೇಳಿದರು, ಹಿಂದಿನ ದಿನ ಎಮ್ಮಿಗನೂರಿನಿಂದ ಫೋನು ಬಂದಿತ್ತು.

ಸುವರ್ಣಮ್ಮ ಕೇಳಿದ್ದು ಒಂದೇ ಪ್ರಶ್ನೆಯಂತೆ. ಆ ಬಿಲ್ಲೆ ಹಾಕಿಕೊಂಡವರು ಅದನ್ನು ಚೆನ್ನಾಗಿ ಇಟ್ಟುಕೊಂಡಿದ್ದರೇ? ಹುಲುಗಮ್ಮ ತಾವು ಕಂಡದ್ದನ್ನು ಹೇಳಿದರು. ಬಿಲ್ಲೆಯ ಬೆನ್ನಿಗೆ ಎರಡು ಕೊಂಡಿಗಳಿರುತ್ತವೆ, ಟೋಪಿಗೆ ಸಿಕ್ಕಿಸಲು. ಅದರಲ್ಲೊಂದು ಮುರಿದಿತ್ತು. ಮುರಿದರೆ ಪಲ್ಟನ್ನಿನ ಸ್ಟೋರಿನಲ್ಲಿ ಹೊಸ ಬಿಲ್ಲೆ ಕೊಡುತ್ತಾರೆ. ಈ ಮನುಷ್ಯ ಹೊಸದು ಕೇಳದೆ, ಯಾರೋ ಅಕ್ಕಸಾಲಿಗನ ಹತ್ತಿರ ಅದಕ್ಕೆ ಬೆಸುಗೆ ಹಾಕಿಸಿಕೊಂಡಿದ್ದಾರೆ. ಬೆಸುಗೆ ನಾಜೂಕಾಗಿದೆ.

ಅವರ್ಯಾರು ಎಂದು ಸುವರ್ಣಮ್ಮ ಮತ್ತೆ ಕೇಳಿದರಂತೆ. ಗೊತ್ತಿಲ್ಲ ಎಂದರಂತೆ ಇವರು. ಆ ಕಡೆಯಿಂದ ಫೋನು ಇಟ್ಟ ಸದ್ದು ಬಂತಂತೆ.

"ಉಂಡಿಯೇನು ಅಂತ ಕೇಳಲಿಲ್ರಿ" ಎಂದರು ಹುಲುಗಮ್ಮ. ಕೈಯಲ್ಲಿದ್ದ ನಲ್ಲಿಯ ತಲೆಯನ್ನು ಕಲ್ಲಿನ ಮೇಲೆ ಬಿಟ್ಟು, ಸದ್ದು ಕೇಳಿ, ಎಡಕ್ಕೆ ಎಸೆದರು. "ಆದ್ರ ನೋಡ್ರಿ, ಆ ಮನ್ಯಾಗ ಓದಿದವರು ಎಷ್ಟು ಮಂದಿ ಅದಾರ, ಫೋನಿನಾಗ ಹುಡಿಕಿ ಏನು ಬೇಕಾದ್ದು ಹೇಳ್ತಾರ. ಅವ್ವಾರು ಸಿಟ್ಟಿನಾಗಿದ್ರೂ ನನ್ನನ್ನ ಕೇಳಿದ್ರು. ಗೊತ್ತಿಲ್ಲದ್ದನ್ನ ಇಕಿ ಗೊತ್ತಿಲ್ಲ ಅಂತಾಳ ಅಂತ ಅವರಿಗೆ ಗೊತ್ತೈತಿ."